ತಂಪು ಮೂಲೆಗೆ ತಕ್ಕ ಗಿಡ

ಪಶ್ಚಿಮ ಘಟ್ಟಗಳ ಮೂಡಣ ಮಗ್ಗುಲಲ್ಲಿ, ಕೇರಳದ ಗಡಿಬೆಟ್ಟಗಳಿಗೂ ಮೇಘಮಲೆಯ ಸಾಲಿಗೂ ನಡುವೆ ಕಂಬಂ ಕಣಿವೆ ಚಾಚಿಕೊಂಡಿದೆ. ತೇನಿ ಜಿಲ್ಲೆಯ ಈ ಕಣಿವೆಯಲ್ಲಿ, ಕಂಬಂ ಪಟ್ಟಣಕ್ಕೆ ಸಮೀಪವಾಗಿ ನಮ್ಮ ಕಾಮಯಗೌಂಡನ್‌ಪಟ್ಟಿಯಿದೆ. 1895ರಲ್ಲಿ ಪೆರಿಯಾರ್ ಅಣೆಕಟ್ಟು ಮುಗಿದು, ಘಟ್ಟದಾಚೆಯ ನೀರು ಸುರಂಗದ ಮೂಲಕ ಇತ್ತ ಹರಿದುಬಂದ ಮೇಲೆ ಈ ಸೀಮೆಯ ಬಾಳೇ ಬದಲಾಯಿತು. ಗದ್ದೆ, ತೆಂಗು, ದ್ರಾಕ್ಷಿಯ ಚಪ್ಪರಗಳನ್ನು ಕಂಡ ನೆಂಟರು, “ನಿಮ್ಮ ಮಣ್ಣಿನಲ್ಲಿ ಏನು ನೆಟ್ಟರೂ ಬರುತ್ತದೆ” ಎನ್ನುವುದುಂಟು. ಆದರೆ ಬಿಸಿಲಿನ ಹೊಲದ ಮಾತು ಬೇರೆ, ಮನೆಯ ಹಿತ್ತಿಲಿನ ನೆರಳು ಮೂಲೆಯ ಮಾತು ಬೇರೆ.

ನಮ್ಮ ಶಾಲೆಯಲ್ಲಿಯೂ ಅಂಥದೊಂದು ಮೂಲೆಯುಂಟು. ಕಟ್ಟಡದ ಉತ್ತರಕ್ಕೆ, ಬೇವಿನ ಮರದ ಅಡಿಯಲ್ಲಿ, ಮಕ್ಕಳು ಊಟದ ನಂತರ ಕೈತೊಳೆಯುವ ನಲ್ಲಿಯ ಪಕ್ಕದಲ್ಲಿ ಅದು ಸದಾ ಒದ್ದೆಯಾಗಿರುತ್ತದೆ. ಅಲ್ಲಿಗೆ ಅಲಂಕಾರದ ಗಿಡಗಳನ್ನು ಆರಿಸುವ ಕೆಲಸವನ್ನು ನಾನು ಒಂದು ಪಾಠವನ್ನಾಗಿಯೇ ಮಾಡಿದೆ. ಹೂವಿನ ಚೆಲುವಿಗಿಂತ ಮೊದಲು ಆ ಜಾಗದ ಸ್ವಭಾವವನ್ನು ತಿಳಿಯಬೇಕೆಂಬುದು ಅದರ ಸಾರ.

ಮೊದಲು ನೆರಳು. ನಮ್ಮ ಊರು ಸಮಭಾಜಕ ವೃತ್ತಕ್ಕೆ ಹತ್ತು ಡಿಗ್ರಿಯೊಳಗೇ ಇರುವುದರಿಂದ, ಏಪ್ರಿಲ್ ನಡುವಿನಿಂದ ಆಗಸ್ಟ್ ಕೊನೆಯವರೆಗೆ ನಡುಹಗಲಿನ ಸೂರ್ಯ ನೆತ್ತಿಗಿಂತ ತುಸು ಉತ್ತರಕ್ಕಿರುತ್ತಾನೆ. ಡಿಸೆಂಬರಿನಲ್ಲಿ ಕತ್ತಲಾಗಿ ತೋರುವ ಉತ್ತರದ ಗೋಡೆಗೆ ಮೇ ತಿಂಗಳಲ್ಲಿ ಬಿಸಿಲು ತಗಲೀತು. ಮಕ್ಕಳು ತಿಂಗಳಿಗೊಮ್ಮೆ ನೆರಳಿನ ಅಂಚಿಗೆ ಸುಣ್ಣದ ಗೆರೆ ಎಳೆದು ಇದನ್ನು ಕಣ್ಣಾರೆ ಕಂಡರು.

ಎರಡನೆಯದು ತೇವ. ನೈರುತ್ಯ ಮಳೆಯ ಬಹುಪಾಲು ಘಟ್ಟದಾಚೆಯೇ ಸುರಿದುಹೋಗುತ್ತದೆ. ನಮಗೆ ಹೆಚ್ಚಿನ ಮಳೆ ಅಕ್ಟೋಬರಿನಿಂದ ಡಿಸೆಂಬರಿನವರೆಗೆ. ಬೇಸಗೆಯಲ್ಲಿಯೂ ಮೂಲೆ ಒದ್ದೆಯಾಗಿದ್ದರೆ ಅದು ಬಳಸಿದ ನೀರಿನ ತೇವವೆಂದು ತಿಳಿಯಬೇಕು. ಒಂದಡಿ ಗುಂಡಿ ತೋಡಿ, ನೀರು ತುಂಬಿ ಇಂಗಲು ಬಿಟ್ಟು, ಮತ್ತೆ ತುಂಬಿ ನೋಡಿರಿ. ಮರುದಿನವೂ ನೀರು ನಿಂತಿದ್ದರೆ ಬೇರು ಕೊಳೆಯುವುದು ಖಂಡಿತ. ಆಗ ಮಣ್ಣೇರಿಸಿ ದಿಬ್ಬ ಮಾಡಿ, ನೀರಿಗೆ ಕಾಲುವೆ ತೆಗೆಯಬೇಕು. ನಿಂತ ನೀರಿನಲ್ಲಿ ಸೊಳ್ಳೆಯ ಮೊಟ್ಟೆ ಹತ್ತು ದಿನಗಳೊಳಗೇ ರೆಕ್ಕೆ ಪಡೆದು ಹಾರಬಲ್ಲದು. ಹೂತೋಟವೆಂದು ಮಕ್ಕಳಿಗೆ ಜ್ವರ ತರಿಸುವಂತಾಗಬಾರದು.

ಇನ್ನು ಗಿಡಗಳು. ಅರೆನೆರಳಿಗೆ ನಂದಿಬಟ್ಟಲು ಮೇಲು. ವರ್ಷವಿಡೀ ಹಸುರಾಗಿದ್ದು ಬಿಳಿಯ ಹೂ ಕೊಡುತ್ತದೆ. ಕನಕಾಂಬರ ದಕ್ಷಿಣ ಭಾರತದ್ದೇ ಗಿಡ. ಅದಕ್ಕೆ ತಂಪು ಬೇಕು, ನಿಂತ ನೀರು ಒಲ್ಲದು. ಒಣಗಿದ ಅದರ ಕಾಯಿಗೆ ನೀರು ತಾಗಿದರೆ ಪಟ್ಟನೆ ಸಿಡಿದು ಬೀಜ ಹಾರುತ್ತದೆ. ಬೀಜ ಪ್ರಸಾರದ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಉಪಕರಣವನ್ನು ನಾನು ಕಾಣೆ. ಕೇಪಳಕ್ಕೆ ಹುಳಿ ಮಣ್ಣು ಇಷ್ಟ. ಸುಣ್ಣದ ಗೋಡೆಗೆ ಒತ್ತಿ ನೆಟ್ಟರೆ ಎಲೆ ಹಳದಿಯಾಗುತ್ತದೆ. ಆದುದರಿಂದ ಗೋಡೆಯಿಂದ ದೂರವಿಟ್ಟು, ಎಲೆಗೊಬ್ಬರ ಹಾಕಿ, ತುಸು ಬಿಸಿಲು ಬೀಳುವ ಅಂಚಿನಲ್ಲಿ ನೆಡಬೇಕು. ಕ್ರೋಟನ್ ನೆರಳಿನಲ್ಲಿ ಬದುಕುತ್ತದೆ. ಆದರೆ ಕತ್ತಲು ಹೆಚ್ಚಿದಷ್ಟೂ ಅದರ ಬಣ್ಣ ಮಾಸುತ್ತದೆ. ಹೆಚ್ಚು ಒದ್ದೆಯಿರುವ ಕಡೆಗೆ, ಪೊದೆಯಲ್ಲದಿದ್ದರೂ, ಮಲೆನಾಡಿನ ಹಿತ್ತಿಲುಗಳ ಸುಗಂಧಿ ಸಲ್ಲುತ್ತದೆ. ಶುಂಠಿಯ ಬಳಗದ ಗಿಡವದು.

ಕೊಡೈಕೆನಾಲಿನಲ್ಲಿ ಹೈಡ್ರೇಂಜಿಯದ ನೀಲಿ ಗೊಂಚಲು ಕಂಡು ಆಸೆಪಟ್ಟು ತರುವವರಿದ್ದಾರೆ. ಅದು ಎರಡು ಸಾವಿರ ಮೀಟರಿಗೂ ಎತ್ತರದ ಚಳಿಯ ಊರು. ಅಲ್ಲಿಯ ಗಿಡ ಕಣಿವೆಯ ಸೆಕೆಗೆ ಬಾಡುತ್ತದೆ. ಕಣಗಿಲೆಗೆ ಬಿಸಿಲು ಬೇಕು, ಮೇಲಾಗಿ ಅದರ ಸರ್ವಾಂಗವೂ ವಿಷ. ಪೇಟೆಯಲ್ಲಿ ಮಾರುವ ಡೀಫೆನ್‌ಬೇಕಿಯ ನೆರಳಿಗೆ ಹೇಳಿಮಾಡಿಸಿದಂತಿದ್ದರೂ, ಅದರ ಎಲೆ ಅಗಿದರೆ ಸೂಜಿಯಂಥ ಹರಳುಗಳು ಚುಚ್ಚಿ ಬಾಯಿ ನಾಲಗೆ ಊದಿಕೊಳ್ಳುತ್ತವೆ. ಎಳೆಯ ಮಕ್ಕಳಿರುವ ಮನೆಗೂ ಶಾಲೆಗೂ ಇವೆರಡೂ ಸಲ್ಲವು.

ಕಡೆಯದಾಗಿ ಹೆಸರುಗಳ ಮಾತು. ಈ ಕಣಿವೆಯಲ್ಲಿ ಮನೆಯೊಳಗೆ ಕನ್ನಡವಾಡಿ, ಬೀದಿಯಲ್ಲಿಯೂ ಶಾಲೆಯಲ್ಲಿಯೂ ತಮಿಳಾಡುವ ಕುಟುಂಬಗಳಿವೆ. ಕೇಪಳವನ್ನು ಮಕ್ಕಳು ಇಡ್ಲಿಪ್ಪೂ ಎನ್ನುತ್ತಾರೆ. ಹಳೆಯ ತಮಿಳು ಸಾಹಿತ್ಯದಲ್ಲಿ ಅದೇ ವೆಟ್ಚಿ. ನಂದಿಬಟ್ಟಲು ತಮಿಳಿನಲ್ಲಿ ನಂದಿಯಾವಟ್ಟೈ; ಕನಕಾಂಬರವಂತೂ ಎರಡೂ ಕಡೆ ಕನಕಾಂಬರವೇ. ಪ್ರತಿ ಗಿಡದ ಬುಡದಲ್ಲಿ ಎರಡು ಹೆಸರುಗಳನ್ನೂ ಬರೆದ ಹಲಗೆಯಿಟ್ಟಿದ್ದೇವೆ. ಮಕ್ಕಳು ಮನೆಯ ಅಜ್ಜಿಯರನ್ನು ಕೇಳಿ ತಂದ ಹೆಸರುಗಳಿವು. ಆಡುಮಾತಾಗಿಯಷ್ಟೇ ಉಳಿದ ಭಾಷೆಯಲ್ಲಿ, ಹಿರಿಯರೊಡನೆ ಮೊದಲು ಮರೆಯಾಗುವುದು ಇಂಥ ಗಿಡಮೂಲಿಕೆಗಳ ಹೆಸರೇ.

ಗಡಿಯಾಚೆ ನೆಲೆಸಿರುವ ಬಂಧುಗಳೇ, ನಿಮ್ಮ ಹಿತ್ತಿಲಿನಲ್ಲಿಯೂ ಇಂಥ ಮೂಲೆಯಿದ್ದೀತು. ಅದರ ನೆರಳನ್ನೂ ನೀರನ್ನೂ ಅರಿತು ಗಿಡವನ್ನು ಆರಿಸಿರಿ. ನೆಡುವಾಗ ಮಕ್ಕಳನ್ನು ಬಳಿಯಲ್ಲಿ ನಿಲ್ಲಿಸಿಕೊಂಡು ಅದರ ಕನ್ನಡದ ಹೆಸರನ್ನೂ ಹೇಳಿಕೊಡಿರಿ.