ಕವಿಯ ಹೆಸರಿನ ರಜೆಯ ದಿನ

ಆಶ್ವಯುಜ ಶುದ್ಧ ಪೂರ್ಣಿಮೆಯು ಆದಿಕವಿ ವಾಲ್ಮೀಕಿಯ ಜಯಂತಿ. ಕರ್ನಾಟಕದಲ್ಲಿ ಅಂದು ಸರ್ಕಾರಿ ರಜೆಯುಂಟು. ಆ ದಿನವನ್ನು ಮನೆಯಲ್ಲಿ ಮಲಗಿ ಕಳೆಯುವುದು ನನ್ನ ವಾಡಿಕೆಯಾಗಿದ್ದಿತು. ಕಳೆದ ಸಲ ಕಿರಿಯ ಮಗಳು, "ಕವಿಯ ಹೆಸರಿನಲ್ಲಿ ರಜೆ ಕೊಟ್ಟಿರುವರಲ್ಲಾ, ಕವಿಗಾಗಿ ನಾವು ಮಾಡುವುದೇನು?" ಎಂದು ಕೇಳಿದಳು. ಉತ್ತರ ತೋಚಲಿಲ್ಲ. ಬುತ್ತಿ ಕಟ್ಟಿಕೊಂಡು ಮನೆಮಂದಿಯೆಲ್ಲ ಹೊರಟೆವು.

ನಮ್ಮ ವಾಸ ಹನೂರಿನಲ್ಲಿ. ಕೊಳ್ಳೇಗಾಲದ ಕಡೆಯಿಂದ ಮಲೆ ಮಹದೇಶ್ವರನ ಬೆಟ್ಟಕ್ಕೆ ಹೋಗುವ ಯಾತ್ರಿಕರು ನಮ್ಮೂರನ್ನು ಹಾದೇ ಹೋಗುವರು. ಬಸ್ಸಿಗೆ ಕಾದಿದ್ದಾಗ ಇಬ್ಬರು ಕಂಸಾಳೆಯವರು ಮಾದಪ್ಪನ ಕಥೆಯನ್ನು ಹಾಡುತ್ತಿದ್ದರು. ಇದನ್ನು ಕಟ್ಟಿದ ಕವಿ ಯಾರೆಂದು ಕೇಳಿದೆನು. "ಹಿರಿಯರಿಂದ ಬಂದದ್ದು, ಸ್ವಾಮಿ" ಎಂದರು. ಬಾಯಿಂದ ಬಾಯಿಗೆ ಹರಿದು ಬಂದ ಆ ಮಹಾಕಾವ್ಯದ ಕವಿಗಳಿಗೆ ಹೆಸರೂ ಇಲ್ಲ, ಜಯಂತಿಯೂ ಇಲ್ಲ.

ಸುಮಾರು 25 ಕಿಲೋಮೀಟರು ಕಳೆದು ಕೊಳ್ಳೇಗಾಲವನ್ನು ಸೇರಿದೆವು. ರೇಷ್ಮೆ ಸೀರೆಗೆ ಹೆಸರಾದ ಆ ಪಟ್ಟಣದಲ್ಲಿ ಮೆರವಣಿಗೆಯು ಹೊರಟಿದ್ದಿತು. ಹೂವಿನ ವಾಹನದಲ್ಲಿ ಮಹರ್ಷಿಯ ಭಾವಚಿತ್ರ, ಮುಂದೆ ತಮಟೆ, ಹಿಂದೆ ಶಾಲೆಯ ಮಕ್ಕಳು. ಈ ಸೀಮೆಯ ನಾಯಕ ಜನಾಂಗದವರು ವಾಲ್ಮೀಕಿಯನ್ನು ತಮ್ಮ ಮೂಲಪುರುಷನೆಂದು ಪೂಜಿಸುವರು. ಮೊಮ್ಮಗನನ್ನು ಹೆಗಲಿಗೇರಿಸಿದ್ದ ಮುದುಕನೊಬ್ಬನು, "ನೋಡು ಮಗಾ, ರಾಮನ ಕಥೆ ಬರೆದವನು ನಮ್ಮವನು" ಎನ್ನುತ್ತಿದ್ದನು. ರಜೆಯ ಬೆಲೆ ನನಗೆ ಅಂದು ತಿಳಿಯಿತು.

ಅಲ್ಲಿಂದ ಯಳಂದೂರಿಗೆ ಅರ್ಧ ಗಂಟೆಯ ದಾರಿ. 1956ರವರೆಗೆ ಕೊಳ್ಳೇಗಾಲವು ಮದರಾಸಿನ ಆಡಳಿತದ ಕೊಯಮುತ್ತೂರು ಜಿಲ್ಲೆಗೂ ಯಳಂದೂರು ಮೈಸೂರಿಗೂ ಸೇರಿದ್ದುವು. ಗಡಿ ಬೇರೆಯಾಗಿದ್ದರೂ ನುಡಿ ಒಂದೇ ಆಗಿದ್ದಿತು. ಗೌರೀಶ್ವರ ದೇವಾಲಯದ ಬಳೆಮಂಟಪದಲ್ಲಿ, ಕಲ್ಲಿನಲ್ಲಿಯೇ ಕಡೆದ ಬಳೆಗಳ ಸರಪಣಿಯನ್ನು ಮಕ್ಕಳು ಬೆರಗಾಗಿ ನೋಡಿದರು. ನೆರಳಿನಲ್ಲಿ ಕುಳಿತು, ಇದೇ ಊರಿನ ಸಂಚಿಯ ಹೊನ್ನಮ್ಮನ ವಿಚಾರವನ್ನು ಹೇಳಿದೆನು. ಆಕೆ 17ನೆಯ ಶತಮಾನದವಳು. ಚಿಕ್ಕದೇವರಾಜ ಒಡೆಯರ ರಾಣಿಗೆ ಎಲೆಯಡಿಕೆಯ ಸಂಚಿ ಹಿಡಿಯುತ್ತಿದ್ದ ಊಳಿಗದವಳು. 'ಹದಿಬದೆಯ ಧರ್ಮ'ವನ್ನು ಸಾಂಗತ್ಯದಲ್ಲಿ ರಚಿಸಿದವಳು. ಹೆತ್ತ ತಾಯಿಯೂ ಹೆಣ್ಣೇ ಆಗಿರಲು ಹೆಣ್ಣನ್ನು ಹಳಿಯುವವರು ಕುರುಡರೆಂದು ಆಕೆ ಹೇಳಿರುವಳು.

"ಆಕೆಗೆ ರಜೆಯಿಲ್ಲವೆ?" ಎಂದಳು ಕಿರಿಯವಳು. ಇಲ್ಲವೆಂದೆನು. "ಆ ಪುಸ್ತಕವನ್ನು ನೀವು ಓದಿರುವಿರಾ?" ಎಂದಳು. ಶಾಲೆಯಲ್ಲಿ ಕಲಿತ ಒಂದೆರಡು ಪದ್ಯಗಳ ಹೊರತು ನಾನು ಏನನ್ನೂ ಓದಿರಲಿಲ್ಲ. ಇವಳು ಹುಟ್ಟಿದ ದಿನ, ಎರಡನೆಯದೂ ಹೆಣ್ಣೆಂದು ತಿಳಿದು ನಾನು ನಿಟ್ಟುಸಿರಿಟ್ಟುದನ್ನು ನನ್ನ ಹೆಂಡತಿಯು ಕಂಡಿದ್ದಳು. ಈಗ ಆಕೆ ನನ್ನ ಮುಖವನ್ನೇ ನೋಡುತ್ತಿದ್ದಳು. ನಾನು ತಲೆ ತಗ್ಗಿಸಿದೆನು.

ಸಂಜೆ ಮನೆಗೆ ಬಂದವನೇ ಅಟ್ಟದ ಪೆಟ್ಟಿಗೆಯಿಂದ ಆ ಪುಸ್ತಕವನ್ನು ಇಳಿಸಿದೆನು. ಅದು ಬಹುಪಾಲು ಸತಿಯ ಧರ್ಮವನ್ನು ಹೇಳುವ ಗ್ರಂಥ. ಎಲ್ಲ ಮಾತೂ ಇಂದಿನ ಮನೆಗೆ ಒಪ್ಪಲಾರದು. ಆದರೂ ಹುಣ್ಣಿಮೆಯ ಬೆಳಕಿದ್ದ ಜಗುಲಿಯಲ್ಲಿ ದೀಪವನ್ನಿಟ್ಟು ಮಗಳು ತಡವರಿಸುತ್ತ ಓದಿದಳು, ನಾವು ಕೇಳಿದೆವು. ಹೆಣ್ಣಿನ ಆ ಪದ್ಯ ಬಂದಾಗ ಹೆಂಡತಿಯು, "ಇನ್ನೊಮ್ಮೆ ಓದಮ್ಮ" ಎಂದಳು.

ಕವಿಗೆ ರಜೆಯನ್ನು ಸರ್ಕಾರವು ಕೊಡಬಲ್ಲುದು. ಓದುವ ಕೆಲಸ ಮಾತ್ರ ಮನೆಯವರದು.