ಕಾರಿನ ಹಿಂದೊಂದು ಬಿಡಾರ

ರಾಜಾಜಿನಗರದ ಮೂವತ್ತು-ನಲವತ್ತರ ಸೈಟಿನಲ್ಲಿ ಕಾರು ನಿಲ್ಲಿಸಲು ಜಾಗ ಸಿಕ್ಕಿದರೆ ಅದೇ ಭಾಗ್ಯ. ಅಂಥದರಲ್ಲಿ ಕಾರಿನ ಹಿಂದೆ ಕಟ್ಟಿಕೊಂಡು ಹೋಗುವ ಗಾಲಿಯ ಮನೆಯೊಂದನ್ನು ಕೊಳ್ಳುತ್ತೇವೆ ಎಂದರೆ ಅಕ್ಕಪಕ್ಕದವರು ನಗುವುದು ಸಹಜ. ಒಳಗೆ ಮಡಚುವ ಹಾಸಿಗೆ, ಪುಟ್ಟ ಒಲೆ, ನೀರಿನ ತೊಟ್ಟಿ. ಹೊರಗೆ ಎರಡು ಗಾಲಿ. ಇದೇ ಟ್ರೇಲರ್ ಬಿಡಾರ. ಎಲ್ಲಿ ಇರುಳಾಯಿತೋ ಅಲ್ಲೇ ಮನೆ ಎಂಬ ಆಸೆ ಮಕ್ಕಳಿಗೆ. ಕೊಂಡ ಮೇಲೆ ಇದನ್ನು ಎಲ್ಲಿಟ್ಟುಕೊಳ್ಳುವುದು ಎಂಬ ಚಿಂತೆ ತಂದೆತಾಯಿಯರಿಗೆ.

ಆಸೆಯೇನೂ ಹೊಸದಲ್ಲ. ಮಾಗಡಿ ರಂಗನಾಥಸ್ವಾಮಿಯ ಜಾತ್ರೆಗೆ, ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಗೆ ಕಮಾನುಗಾಡಿ ಹೂಡಿಕೊಂಡು ಹೊರಡುತ್ತಿದ್ದ ಸಂಸಾರಗಳು ಗಾಡಿಯ ಪಕ್ಕದಲ್ಲೇ ಮೂರು ಕಲ್ಲಿಟ್ಟು ಅಡುಗೆ ಮಾಡಿ, ಅದರಡಿಯಲ್ಲೇ ಮಲಗಿ ಏಳುತ್ತಿದ್ದವು. ಇಂಗ್ಲೆಂಡಿನಲ್ಲಿ ಇದೇ ಬಗೆಯ ಸುಖವನ್ನು ಬಯಸಿದವನು ನೌಕಾಪಡೆಯ ವೈದ್ಯನಾಗಿದ್ದ ಗಾರ್ಡನ್ ಸ್ಟೇಬಲ್ಸ್. 1885ರಲ್ಲಿ ಬ್ರಿಸ್ಟಲ್‌ನ ಕಾರ್ಖಾನೆಯೊಂದರಿಂದ ಆತ ಕುದುರೆ ಎಳೆಯುವ ‘ವಾಂಡರರ್’ ಎಂಬ ಬಂಡಿಯನ್ನು ಮಾಡಿಸಿಕೊಂಡ. ಅದರಲ್ಲಿ 1300 ಮೈಲಿ ಸುತ್ತಿ ಪುಸ್ತಕವನ್ನೂ ಬರೆದ. ವಿಹಾರಕ್ಕೆಂದೇ ಕಟ್ಟಿಸಿದ ಮೊದಲ ಕ್ಯಾರವಾನ್ ಎಂಬ ಹೆಸರು ಅದಕ್ಕಿದೆ.

ಕಾಗದಪತ್ರ ಮೊದಲು

ಟ್ರೇಲರ್ ಕಾರಿನ ಬಾಲವಲ್ಲ. 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಅದೂ ಒಂದು ವಾಹನ. ಕೇಂದ್ರ ಸರ್ಕಾರ 2004ರಲ್ಲಿ ಹೊರಡಿಸಿದ ಪಟ್ಟಿಯಲ್ಲಿ, ಸ್ವಂತ ಬಳಕೆಯ ಕ್ಯಾಂಪರ್ ವ್ಯಾನು ಮತ್ತು ಟ್ರೇಲರುಗಳು ಬಾಡಿಗೆಗೆ ಓಡದ ಕಾರು, ಬೈಕುಗಳ ಸಾಲಿಗೇ ಸೇರಿವೆ. ಆದ್ದರಿಂದ ಹಣ ಕೊಡುವ ಮುನ್ನ ಮಾರುವವರನ್ನು ಎರಡು ಪ್ರಶ್ನೆ ಕೇಳಬೇಕು: ಈ ಮಾದರಿಗೆ ಸರ್ಕಾರದ ಅನುಮೋದನೆ ಇದೆಯೇ? ನೋಂದಣಿ ಯಾರ ಹೊಣೆ? ಬಳಿಕ ರಾಜಾಜಿನಗರದವರು ಕೆಎ 02ರ ಕಚೇರಿಯಲ್ಲಿ, ಕೆಂಗೇರಿ ಕಡೆಯವರು ಕೆಎ 41ರ ಜ್ಞಾನಭಾರತಿ ಕಚೇರಿಯಲ್ಲಿ ವಿಚಾರಿಸಿಕೊಳ್ಳುವುದು ಲೇಸು. ವಿಮೆ ಟ್ರೇಲರಿಗೂ ಅನ್ವಯಿಸುತ್ತದೆಯೇ ಎಂದು ಬರಹದಲ್ಲೇ ಕೇಳಿ ಪಡೆಯಬೇಕು.

ಎಳೆಯುವ ಕಾರಿನದು ಇನ್ನೊಂದು ಲೆಕ್ಕ. ಎಷ್ಟು ತೂಕ ಎಳೆಯಬಹುದು ಎಂಬುದು ಕಾರಿನ ಕೈಪಿಡಿಯಲ್ಲಿರುತ್ತದೆ. ಇಲ್ಲದಿದ್ದರೆ ಎಳೆಯುವ ಯೋಚನೆ ಬಿಡುವುದೇ ಕ್ಷೇಮ. ಕಾಮಾಕ್ಷಿಪಾಳ್ಯದಲ್ಲಿ ವೆಲ್ಡಿಂಗ್ ಅಂಗಡಿಗಳಿಗೆ ಬರವಿಲ್ಲ. ಹಾಗೆಂದು ಬಂಪರಿಗೊಂದು ಕೊಂಡಿ ಬೆಸೆಸಿಕೊಂಡು ಹೊರಟರೆ ಅದು ಪ್ರಾಣಕ್ಕೇ ಸಂಚಕಾರ. ಕೊಂಡಿ ಆ ಕಾರಿಗೆಂದೇ ತಯಾರಾದದ್ದಿರಬೇಕು, ಬೋಲ್ಟಿನಿಂದ ಚೌಕಟ್ಟಿಗೆ ಭದ್ರವಾಗಿರಬೇಕು. ಜತೆಗೆ ಕಾಪು ಸರಪಳಿ ಬೇಕೇ ಬೇಕು.

ಮುಂಭಾರ, ಹಿಂಭಾರ

ಎತ್ತಿನಗಾಡಿ ಹೊಡೆದ ಹಿರಿಯರು ಮನೆಯಲ್ಲಿದ್ದರೆ ಟ್ರೇಲರಿನ ಮೊದಲ ಪಾಠ ಅವರಿಂದಲೇ ಆಗಬಹುದು. ಹೇರು ಮುಂದಕ್ಕೆ ಹೆಚ್ಚಾದರೆ ಎತ್ತಿನ ಹೆಗಲು ಕುಸಿಯುತ್ತದೆ. ಹಿಂದಕ್ಕೆ ಹೆಚ್ಚಾದರೆ ಮೂಕಿ ಮೇಲೆದ್ದು ನೊಗ ಕೊರಳಿಗೆ ಬಿಗಿಯುತ್ತದೆ. ಕಾರಿಗೂ ಇದೇ ನ್ಯಾಯ. ಹಿಂಭಾರವಾದ ಟ್ರೇಲರ್ ವೇಗ ಏರಿದಂತೆ ಎಡಕ್ಕೂ ಬಲಕ್ಕೂ ಓಲಾಡತೊಡಗಿ, ಕೊನೆಗೆ ಕಾರನ್ನೇ ರಸ್ತೆಯಿಂದಾಚೆ ಎಳೆಯಬಲ್ಲದು. ಒಟ್ಟು ತೂಕದ ಶೇ. 10ರಿಂದ 15ರಷ್ಟು ಕೊಂಡಿಯ ಮೇಲೆ ಬೀಳಬೇಕೆಂಬುದು ಅಮೆರಿಕದ ರೂಢಿ. ಅಂದರೆ 800 ಕಿಲೋ ಟ್ರೇಲರಿಗೆ 80ರಿಂದ 120 ಕಿಲೋ. ಅದು ಕಾರಿನ ಕೊಂಡಿಯ ಮಿತಿಯನ್ನೂ ಮೀರಬಾರದು. ಅಕ್ಕಿ, ಪಾತ್ರೆ, ನೀರಿನ ಕ್ಯಾನುಗಳಂಥ ಭಾರದ ಸಾಮಾನು ಗಾಲಿಯ ಅಚ್ಚಿನ ಆಸುಪಾಸಿನಲ್ಲಿ ತಳದಲ್ಲಿರಲಿ. ಹೊದಿಕೆ, ಬಟ್ಟೆ ಮೇಲಿರಲಿ. ಓಲಾಟ ಶುರುವಾದರೆ ಗಾಬರಿಯಿಂದ ಬ್ರೇಕ್ ಒತ್ತದೆ, ಸ್ಟೀರಿಂಗನ್ನು ನೇರ ಹಿಡಿದು ಆಕ್ಸಿಲರೇಟರ್ ಸಡಿಲಿಸಬೇಕು.

ಹಿಂದಕ್ಕೆ ಸರಿಸುವುದಂತೂ ತಲೆಕೆಳಗಾದ ವಿದ್ಯೆ. ಸ್ಟೀರಿಂಗಿನ ಕೆಳಭಾಗವನ್ನು ಹಿಡಿದುಕೊಂಡರೆ, ಕೈ ಯಾವ ಕಡೆ ಸರಿಯುವುದೋ ಟ್ರೇಲರಿನ ಹಿಂಬದಿಯೂ ಆ ಕಡೆಗೇ ಸರಿಯುತ್ತದೆ. ಅಪ್ಪಣೆ ಪಡೆದ ಖಾಲಿ ಮೈದಾನವೊಂದರಲ್ಲಿ ಎರಡು ಭಾನುವಾರ ಅಭ್ಯಾಸ ಮಾಡಿದರೆ ಕೈಗೆ ಬರುತ್ತದೆ. ಬಿಡಾರ ಹೂಡುವಾಗ ಮೊದಲು ಗಾಲಿಗೆ ಅಡ್ಡಗಟ್ಟೆ, ಆಮೇಲೆ ಕೊಂಡಿ ಬಿಚ್ಚುವುದು. ಈ ಕ್ರಮ ತಪ್ಪಬಾರದು. ಓಡುವ ಟ್ರೇಲರಿನೊಳಗೆ ಯಾರೂ ಕೂರಬಾರದು. ಹೊರಡುವ ಮುನ್ನ ಗ್ಯಾಸ್ ಸಿಲಿಂಡರ್ ಮುಚ್ಚಿರಬೇಕು. ಚಳಿಯೆಂದು ಕೆಂಡದ ಅಗ್ಗಿಷ್ಟಿಕೆಯನ್ನು ಒಳಗಿಟ್ಟು ಮಲಗಿದರೆ ಹೊರಬೀಳುವ ವಿಷಾನಿಲ ಎಚ್ಚರವನ್ನೇ ಕೊಡದೆ ಕೊಲ್ಲುತ್ತದೆ.

ಮೊದಲ ಸುತ್ತು ಬರಿಗಾರಿನಲ್ಲಿ

ಟ್ರೇಲರ್ ಬಂದ ವಾರವೇ ಕೊಡಗಿಗೋ ಚಿಕ್ಕಮಗಳೂರಿಗೋ ಹೊರಡುವ ಉತ್ಸಾಹವನ್ನು ತುಸು ತಡೆದುಕೊಳ್ಳಬೇಕು. ಪಶ್ಚಿಮ ಬೆಂಗಳೂರಿನವರಿಗೆ ಮನೆಯ ಹತ್ತಿರದಲ್ಲೇ ಒಳ್ಳೆಯ ಸುತ್ತೊಂದಿದೆ. ಬಸವೇಶ್ವರನಗರದಿಂದ ಮಾಗಡಿ ರಸ್ತೆ ಹಿಡಿದು ಸುಂಕದಕಟ್ಟೆ, ತಾವರೆಕೆರೆ ದಾಟಿ ಸಾವನದುರ್ಗ. ಅಲ್ಲಿಂದ ಮಂಚನಬೆಲೆ, ದೊಡ್ಡ ಆಲದ ಮರ. ಕೊನೆಗೆ ಮೈಸೂರು ರಸ್ತೆ ಸೇರಿ ಕೆಂಗೇರಿ, ವಿಜಯನಗರ. ಮೊದಲ ಸಲ ಟ್ರೇಲರನ್ನು ಮನೆಯಲ್ಲೇ ಬಿಟ್ಟು ಬರಿಯ ಕಾರಿನಲ್ಲಿ ಹೋಗಿಬರಬೇಕು. ಎಲ್ಲಿ ಹಂಪ್ ಇದೆ, ಎಲ್ಲಿ ತಂತಿ ಜೋತಾಡುತ್ತಿದೆ, ಎಲ್ಲಿ ಉದ್ದನೆಯ ಗಾಡಿ ತಿರುಗಿಸಲು ಜಾಗವಿದೆ ಎಂದು ಮಕ್ಕಳು ನೋಟುಪುಸ್ತಕದಲ್ಲಿ ಗುರುತು ಹಾಕಿಕೊಳ್ಳಲಿ. ಅವರೇ ಬರೆದ ನಕ್ಷೆಯಂತೆ ಎರಡನೆಯ ಸಲ ಟ್ರೇಲರ್ ಕಟ್ಟಿಕೊಂಡು ಹೊರಟರೆ ಅವರಿಗೂ ಹೆಮ್ಮೆ.

ದಾರಿಯಲ್ಲಿ ಪಾಠಗಳಿಗೂ ಕೊರತೆಯಿಲ್ಲ. 1226 ಮೀಟರ್ ಎತ್ತರದ ಸಾವನದುರ್ಗ ಕರಿಗುಡ್ಡ, ಬಿಳಿಗುಡ್ಡಗಳೆಂಬ ಎರಡು ಹೆಬ್ಬಂಡೆಗಳ ಬೆಟ್ಟ. 1791ರ ಡಿಸೆಂಬರಿನಲ್ಲಿ ಕಾರ್ನ್‌ವಾಲಿಸನ ಸೇನೆ ಈ ಕೋಟೆಯನ್ನು ಟಿಪ್ಪುವಿನ ಸೈನಿಕರಿಂದ ಕಿತ್ತುಕೊಂಡಿತು. ಸುತ್ತಲಿನದು ಅರಣ್ಯ; ಇಲಾಖೆಯ ಅಪ್ಪಣೆಯಿಲ್ಲದೆ ಅಲ್ಲಿ ಬಿಡಾರ ಹೂಡುವಂತಿಲ್ಲ. ಮಂಚನಬೆಲೆಯ ನೀರು ನೋಡಲು ಶಾಂತ. ಅಲ್ಲಿ ಈಜಲು ಇಳಿದು ಪ್ರಾಣ ಕಳೆದುಕೊಂಡ ಹುಡುಗರ ಸುದ್ದಿ ಮತ್ತೆ ಮತ್ತೆ ಪತ್ರಿಕೆಗಳಲ್ಲಿ ಬಂದಿದೆ. ದಡದಿಂದ ನೋಡಿ ಮುಂದೆ ಸಾಗುವುದೇ ಸರಿ. ಸುಮಾರು ಮೂರು ಎಕರೆ ಹರಡಿರುವ ಕೇತೋಹಳ್ಳಿಯ ಆಲ, ಮೂಲ ಕಾಂಡ ಅಳಿದ ಮೇಲೂ ಬಿಳಲುಗಳ ಬಲದಿಂದಲೇ ನಿಂತಿದೆ.

ನೀರಿನ ಲೆಕ್ಕ

ನಲ್ಲಿಯಲ್ಲಿ ನೀರು ಬರುವ ದಿನವನ್ನು ಕಾದು ಕೂರುವ ಮನೆಯವರಿಗೂ ಟ್ರೇಲರಿನ ತೊಟ್ಟಿ ಹೊಸ ಲೆಕ್ಕ ಕಲಿಸುತ್ತದೆ. 80 ಲೀಟರ್ ನೀರೆಂದರೆ 80 ಕಿಲೋ ಭಾರ. ಒಬ್ಬೊಬ್ಬರಿಗೆ ಒಂದೇ ದೊಡ್ಡ ಬಕೆಟ್ಟಿನಂತೆ ನಾಲ್ವರು ಸ್ನಾನ ಮಾಡಿದರೆ ತೊಟ್ಟಿ ಬರಿದು. ಪಾತ್ರೆ ತೊಳೆಯಲು ಎಷ್ಟು, ಕುಡಿಯಲು ಎಷ್ಟು ಎಂದು ಮಕ್ಕಳೇ ಅಳೆದು ಬರೆದಿಟ್ಟರೆ ಎರಡನೆಯ ದಿನಕ್ಕೆ ಪೋಲಾಗುವುದು ತಾನಾಗಿ ನಿಲ್ಲುತ್ತದೆ.

ಬಳಸಿದ ನೀರು ಎಲ್ಲಿಗೆ ಎಂಬುದು ಅದಕ್ಕಿಂತ ದೊಡ್ಡ ಪ್ರಶ್ನೆ. ಈ ಸುತ್ತಿನ ಬಳಿಯಲ್ಲೇ, ತಿಪ್ಪಗೊಂಡನಹಳ್ಳಿಯಲ್ಲಿ, ಅರ್ಕಾವತಿ ಮತ್ತು ಕುಮುದ್ವತಿ ಸೇರುವಲ್ಲಿ ಚಾಮರಾಜಸಾಗರವಿದೆ. ಬೆಂಗಳೂರಿಗೆ ಕುಡಿಯುವ ನೀರು ಕೊಡಲೆಂದು 1933ರಲ್ಲಿ ಕಟ್ಟಿದ ಜಲಾಶಯವದು. ನಗರ ಬೆಳೆದಂತೆ ಕೊಳಚೆ ಹರಿದುಬಂದು ಆ ನೀರು ಕೆಟ್ಟಿತು. ಈಗ ಊರಿನ ಬಾಯಾರಿಕೆ ತಣಿಯುವುದು ಮುಖ್ಯವಾಗಿ ಸುಮಾರು 100 ಕಿ.ಮೀ. ದೂರದಿಂದ ಏರಿಸಿ ತರುವ ಕಾವೇರಿಯಿಂದ. ಟ್ರೇಲರಿನ ಸೋಪು ನೀರನ್ನೂ ಶೌಚದ ತೊಟ್ಟಿಯನ್ನೂ ಹಳ್ಳಕ್ಕೋ ಕೆರೆಯಂಗಳಕ್ಕೋ ಸುರಿದು ಬಂದರೆ ಆ ತಪ್ಪಿಗೆ ಒಂದು ಪಾಲು ಸೇರಿಸಿದಂತೆಯೇ. ಮುಚ್ಚಿ ಮನೆಗೆ ತಂದು ಒಳಚರಂಡಿಗೆ ಬಿಡುವುದೇ ಸರಿಯಾದ ದಾರಿ.

ಕೇರಳ ಸರ್ಕಾರ 2021ರಲ್ಲಿ ಕ್ಯಾರವಾನ್ ಪ್ರವಾಸಕ್ಕೆಂದೇ ನೀತಿ ರೂಪಿಸಿ, ಅವು ತಂಗುವ ತಾಣಗಳಿಗೆ ಉತ್ತೇಜನ ಕೊಟ್ಟಿತು. ಬೆಂಗಳೂರಿನ ಹೊಸ ಟ್ರೇಲರಿನವರಿಗೆ ಮೊದಲ ರಾತ್ರಿಗೆ ತಕ್ಕ ಜಾಗ ತಾವರೆಕೆರೆ ಆಚೆಯ ನೆಂಟರ ತೋಟವೋ ಪರಿಚಯದ ರೈತರ ಹೊಲವೋ ಆದೀತು. ಮುಂಚೆಯೇ ಹೋಗಿ ಕೇಳಿ, ಗಾಡಿ ನಿಲ್ಲುವ ಗಟ್ಟಿ ನೆಲ ನೋಡಿ, ಬೆಳೆಯಿಲ್ಲದ ಬದು ಬಿಟ್ಟುಕೊಟ್ಟರೆ ಅಲ್ಲೇ ಇಳಿಯಬೇಕು. ಕತ್ತಲಾಗುವ ಮುನ್ನ ತಲುಪಬೇಕು. ಬೆಳಿಗ್ಗೆ ಹೊರಡುವಾಗ ಒಂದು ಸುತ್ತು ನಡೆದು ಪ್ಲಾಸ್ಟಿಕ್ ಚೂರನ್ನೂ ಆರಿಸಿಕೊಂಡು, ಒಲೆಯ ಬೂದಿಗೆ ನೀರು ಹಾಕಿ, ತೋಟದವರಿಗೆ ಹೇಳಿ ಹೊರಟರೆ, ಮುಂದಿನ ಸಲ ಗೇಟು ತೆರೆಯಲು ಅವರು ಹಿಂದೆಮುಂದೆ ನೋಡುವುದಿಲ್ಲ.