ನೆಂಟರ ಭಯ ಮತ್ತು ನಮ್ಮ ಸೀಮೆಯ ಕಾಡು

ಶಿಕಾರಿಪುರ, ಸೊರಬ ಎಂದರೆ ನೋಡುವುದಕ್ಕೆ ಏನಿದೆ ಎಂದು ಕೇಳುವವರಿದ್ದಾರೆ. ಏನಿಲ್ಲ ಹೇಳಿ? ಶಿಕಾರಿಪುರದ ಹುಚ್ಚರಾಯಸ್ವಾಮಿ, ಬಳ್ಳಿಗಾವಿಯ ಕೇದಾರೇಶ್ವರ, ಕದಂಬರ ಶಾಸನದ ಕಂಬವಿರುವ ತಾಳಗುಂದ, ಅಕ್ಕಮಹಾದೇವಿ ಹುಟ್ಟಿದ ಉಡುತಡಿ. ಸೊರಬದ ಕಡೆ ಹೋದರೆ ಚಂದ್ರಗುತ್ತಿಯ ರೇಣುಕಾಂಬೆ, ಮಳೆಗಾಲದಲ್ಲಿ ಗುಡವಿಯ ಕೆರೆ ತುಂಬ ಹಕ್ಕಿಗಳು.

ಹೀಗೆ ನೋಡಲು ಬರುವ ನೆಂಟರ ಕೈಚೀಲದಲ್ಲಿ ಬಟ್ಟೆಗಿಂತ ಮಾತ್ರೆಗಳೇ ಹೆಚ್ಚು! ಅಮೆರಿಕದಲ್ಲಿರುವ ನನ್ನ ನಾದಿನಿಯ ಮಗಳು ಬಂದಾಗಲೆಲ್ಲ ಮೊದಲ ಪ್ರಶ್ನೆ, “ಅತ್ತೆ, ಈ ನೀರು ಕಾಯ್ಸಿದ್ದಾ?” ಕೇಳುವುದು ತಪ್ಪಲ್ಲ. ಕಾಮಾಲೆ, ಟೈಫಾಯ್ಡ್ ಕೆಟ್ಟ ನೀರಿನಿಂದಲೇ ಬರುತ್ತವೆ. ನೀರನ್ನು ಚೆನ್ನಾಗಿ ಕುದಿಸಿ ಆರಿಸಿ ಕೊಡಿ, ಹೆಂಚಿನಿಂದ ಇಳಿಸಿದ ಅಕ್ಕಿರೊಟ್ಟಿ ಬಿಸಿಯಾಗಿಯೇ ಬಡಿಸಿ. ಹೆಚ್ಚಿಟ್ಟ ಹಣ್ಣು, ತೆರೆದಿಟ್ಟ ತಿಂಡಿ ಬೇಡ. ಇಷ್ಟು ಮಾಡಿದರೆ ಆ ಭಯ ಬಹುಪಾಲು ಮುಗಿಯಿತು.

ಆದರೆ ವಿಚಿತ್ರ ನೋಡಿ. ಲೋಟದ ನೀರಿಗೆ ಹೆದರುವವರೇ ಬೇಸಿಗೆಯಲ್ಲಿ “ಕಾಡು ಎಷ್ಟು ಚೆಂದ” ಅಂತ ಬರಿಗಾಲಲ್ಲಿ ತರಗೆಲೆಯ ಮೇಲೆ ಕೂತುಬಿಡುತ್ತಾರೆ! ಇನ್ನು ಕೆಲವರು ಮಂಗನ ಕಾಯಿಲೆಯ ಸುದ್ದಿ ಕೇಳಿದ್ದೇ ತಡ, ದೇವಸ್ಥಾನಕ್ಕೂ ಬರುವುದಿಲ್ಲ.

ಈ ಕಾಯಿಲೆ ಜಗತ್ತಿಗೆ ತಿಳಿದದ್ದೇ ನಮ್ಮ ಸೀಮೆಯಿಂದ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದವು, ಸುತ್ತಲಿನ ಜನರಿಗೂ ಜ್ವರ ಬಂತು. ಆಫ್ರಿಕಾದ ಹಳದಿ ಜ್ವರ ಭಾರತಕ್ಕೆ ಬಂತೇ ಎಂದು ವಿಜ್ಞಾನಿಗಳು ಗಾಬರಿಯಾದರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಪರೀಕ್ಷಿಸಿದಾಗ ತಿಳಿಯಿತು, ಇದು ಬೇರೆಯೇ. ರಷ್ಯಾದ ಕಾಡುಗಳ ಉಣ್ಣಿಜ್ವರದ ಬಂಧು. ಕಾಡಿನ ಹೆಸರೇ ಕಾಯಿಲೆಗೂ ಆಯಿತು.

ಹೆಸರು ಮಂಗನದಾದರೂ ಮನುಷ್ಯರಿಗೆ ಹರಡುವುದು ಉಣ್ಣಿ, ನಾವು ಉಣುಗು ಅನ್ನುತ್ತೇವಲ್ಲ, ಅದರ ಕಡಿತದಿಂದ. ಮಂಗ ಸತ್ತಾಗ ಮೈಮೇಲಿನ ಉಣುಗು ಕೆಳಗೆ ಉದುರಿ ಸುತ್ತ ಹರಡುತ್ತವೆ. ಡಿಸೆಂಬರಿನಿಂದ ಮೇ ತನಕ ಹಾವಳಿ ಹೆಚ್ಚು. ಕಚ್ಚಿದ 3ರಿಂದ 8 ದಿನಗಳಲ್ಲಿ ಇದ್ದಕ್ಕಿದ್ದಂತೆ ಜ್ವರ, ತಲೆನೋವು, ತಡೆಯಲಾರದ ಮೈಕೈ ನೋವು. ಕೆಲವರಿಗೆ ರಕ್ತಸ್ರಾವವೂ ಆಗುತ್ತದೆ. ರೋಗ ತಗುಲಿದ 100 ಜನರಲ್ಲಿ 3ರಿಂದ 5 ಮಂದಿ ಸಾಯುತ್ತಾರೆ. ಹಿಂದೆ ಕೊಡುತ್ತಿದ್ದ ಲಸಿಕೆಯನ್ನು 2022ರಲ್ಲಿ ನಿಲ್ಲಿಸಲಾಯಿತು. ಆದರೆ ಒಬ್ಬರಿಂದ ಒಬ್ಬರಿಗೆ ಅಂಟುವ ರೋಗ ಇದಲ್ಲ. ಪೇಟೆ ಬೀದಿಯಲ್ಲಿ, ಗುಡಿಯ ಪ್ರಾಂಗಣದಲ್ಲಿ ಓಡಾಡಲು ಅಂಜಬೇಕಿಲ್ಲ.

ಅಮೆರಿಕದಲ್ಲೂ ಲೈಮ್ ಎಂಬ ಊರಿನ ಹೆಸರು ಹೊತ್ತ ಉಣ್ಣಿರೋಗವಿದೆ. ಅಲ್ಲಿಯವರು ಪ್ಯಾಂಟಿನ ತುದಿಯನ್ನು ಕಾಲುಚೀಲದೊಳಗೆ ಸೇರಿಸಿ ಕಾಡು ತಿರುಗುತ್ತಾರೆಯೇ ಹೊರತು ಕಾಡನ್ನೇ ಬಿಡುವುದಿಲ್ಲ. ಇದನ್ನು ಹೇಳಿದಾಗ ನಮ್ಮ ಹುಡುಗಿ, “ಹೌದಲ್ಲ ಅತ್ತೆ, ಅಲ್ಲಿ ಮಾಡೋದನ್ನ ಇಲ್ಲೂ ಮಾಡಬೇಕಷ್ಟೆ” ಅಂದಳು.

ನೆಂಟರು ಕಾಡಿಗೆ ಹೊರಟರೆ ಇಷ್ಟು ಹೇಳಿಕಳಿಸಿ: ಮೈತುಂಬ ಬಟ್ಟೆ ಹಾಕಿ. ಆರೋಗ್ಯ ಕಾರ್ಯಕರ್ತರು ಕೊಡುವ ಉಣ್ಣಿ ನಿವಾರಕ ಎಣ್ಣೆ ಹಚ್ಚಿಕೊಳ್ಳಿ. ತರಗೆಲೆ ಮೇಲೆ ಕೂರಬೇಡಿ, ಮಲಗಬೇಡಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆರೋಗ್ಯ ಇಲಾಖೆಗೆ ತಿಳಿಸಿ. ಮನೆಗೆ ಬಂದ ಕೂಡಲೇ ಬಟ್ಟೆಯನ್ನು ಬಿಸಿನೀರಿಗೆ ಹಾಕಿ, ಸೋಪು ಹಚ್ಚಿ ಸ್ನಾನ ಮಾಡಿ. ಉಣುಗು ಕಚ್ಚಿದ್ದರೆ ಬೆರಳಿನಿಂದ ಹೊಸಕದೆ ಚಿಮಟದಿಂದ ಚರ್ಮದ ಹತ್ತಿರ ಹಿಡಿದು ನೇರವಾಗಿ ಎಳೆಯಿರಿ. ಆಮೇಲೆ ಜ್ವರ ಬಂದರೆ ಡಾಕ್ಟರಿಗೆ “ಮಲೆನಾಡಿನ ಕಾಡಿಗೆ ಹೋಗಿದ್ದೆ” ಎಂದು ಮರೆಯದೆ ಹೇಳಿ.

ನೆಂಟರೇನೋ ಎರಡು ದಿನ ಇದ್ದು ಹೋಗುತ್ತಾರೆ. ಸೌದೆಗೆ, ಕೊಟ್ಟಿಗೆಗೆ ಹಾಸುವ ತರಗೆಲೆಗೆ ದಿನವೂ ಕಾಡಿಗೆ ಹೋಗುವವರು ನಮ್ಮ ಹೆಣ್ಣುಮಕ್ಕಳು. ನಿಜವಾದ ಅಪಾಯ ಅವರದು. ನೆಂಟರಿಗೆ ಹೇಳುವ ಈ ಮಾತನ್ನು ಸೌದೆ ಹೊತ್ತು ತರುವ ಪಕ್ಕದ ಮನೆಯಾಕೆಗೂ ಹೇಳಿ. ಎಣ್ಣೆಯ ಸೀಸೆ ಅವಳ ಮನೆಯಲ್ಲೂ ಇದೆಯೇ ಎಂದು ಕೇಳಿ ನೋಡಿ.